ಕಾಲು ಕಾಣುವ ತನಕ

“ಗುರುಗಳೇ, ಸಂಶಯಪಡುವುದು ತಪ್ಪೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಅವನ ಮುಖ ನೋಡಿದರು. ಬರಿಯ ತತ್ತ್ವ ಕೇಳಲು ಬಂದವನ ಮುಖವಾಗಿರಲಿಲ್ಲ ಅದು. “ಯಾರ ಮೇಲೆ?” ಎಂದರು.

ಮಠದ ಅಡುಗೆಯ ಪಂಪಣ್ಣ ಮೂರು ದಿನದಿಂದ ಸಂಜೆಯ ಹೊತ್ತು ಹೊದ್ದ ವಲ್ಲಿಯೊಳಗೆ ಗಂಟೊಂದನ್ನು ಮರೆಮಾಡಿಕೊಂಡು ಹಿತ್ತಿಲ ಬಾಗಿಲಿನಿಂದ ಹೋಗುತ್ತಿದ್ದಾನೆ, ತಾನು ಕಣ್ಣಾರೆ ಕಂಡಿದ್ದೇನೆ, ಅವನನ್ನು ಇವತ್ತೇ ಮಠದಿಂದ ಕಳಿಸಿಬಿಡಬೇಕು ಎಂದು ಶಿಷ್ಯ ಹೇಳಿದ. ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕೂರಲು ಹೇಳಿ ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿಯಿದ್ದ. ತಕ್ಕಡಿಯ ಹಿಂದೆ ಕೂತು ಕೂತು, ಎದುರಿಗೆ ನಿಂತವನ ಮುಖ ಬಿಟ್ಟು ಕೈಯನ್ನೇ ನೋಡುವುದು ಅವನಿಗೆ ರೂಢಿಯಾಗಿತ್ತು. ಸಾಯುವುದಕ್ಕಿಂತ ಮೋಸಹೋಗುವುದಕ್ಕೇ ಅವನು ಹೆಚ್ಚು ಹೆದರುತ್ತಿದ್ದ. ಅವನಿಗೆ ಇದ್ದದ್ದು ಒಂದೇ ಆಸೆ. ತನ್ನ ಪಡಸಾಲೆಯ ಗೋಡೆಯ ಮೇಲೆ ಮೂಸ್ ಎಂಬ ಮೃಗದ ಕೊಂಬು ಇರಬೇಕು. ಮೂಸ್ ಎಂದರೆ ನಮ್ಮ ಕಡವೆಯ ಬಳಗದ್ದೇ, ಆದರೆ ಕುದುರೆಗಿಂತ ಎತ್ತರ. ಕೊಂಬು ಮೊರಕ್ಕಿಂತ ಅಗಲ. ಅದು ಇರುವುದು ದೂರದ ಉತ್ತರದ ಹಿಮದ ಬೆಟ್ಟಗಳಲ್ಲಿ. ಅಲ್ಲಿ ರಸ್ತೆಯಿಲ್ಲ, ಊರಿಲ್ಲ, ದಾರಿ ಬಲ್ಲ ಗೈಡ್ ಜೊತೆಗಿಲ್ಲದೆ ಹೋದವನು ಹಿಂದಿರುಗುವುದೂ ಇಲ್ಲ. ವ್ಯಾಪಾರಿ ಅಂಥ ಒಬ್ಬ ಗೈಡನ್ನು ಗೊತ್ತುಮಾಡಿಕೊಂಡ. ಅಂದಿನಿಂದಲೇ ಅವನ ಮೇಲೆ ಒಂದು ಕಣ್ಣಿಟ್ಟ.

ಬೆಟ್ಟ ಹತ್ತಿದ ಮೂರನೆಯ ದಿನ ಗೈಡ್ ಮರದ ತೊಗಟೆಯನ್ನು ಕಹಳೆಯಂತೆ ಸುತ್ತಿ, ಹೆಣ್ಣು ಮೂಸಿನ ಹಾಗೆ ಕೂಗಿದ. ಸ್ವಲ್ಪ ಹೊತ್ತಿಗೆ ಆಳೆತ್ತರದ ಪೊದೆಗಳ ಮೇಲೆ ಭಾರಿ ಕೊಂಬೊಂದು ಆಡುತ್ತಾ ಬಂತು. ವ್ಯಾಪಾರಿ ಬಂದೂಕು ಎತ್ತಿದ. ಗೈಡ್ ನಳಿಗೆಯ ಮೇಲೆ ಕೈಯಿಟ್ಟು ತಗ್ಗಿಸಿದ.

“ತಾಳಿ ಯಜಮಾನರೇ. ಕೊಂಬು ಕಂಡರೆ ಸಾಲದು, ಕಾಲು ಕಾಣಬೇಕು. ಕಾಲು ಕಾಣುವ ತನಕ ಗುಂಡು ಹಾರಿಸಬೇಡ ಅಂತ ನಮ್ಮಪ್ಪ ಕಲಿಸಿದ್ದು.”

ಕೊಂಬು ಪೊದೆಯಲ್ಲೇ ತಿರುಗಿ ಮರೆಯಾಯಿತು. ವ್ಯಾಪಾರಿಯ ಹೊಟ್ಟೆ ಉರಿಯಿತು. ಇವನು ಬೇಕೆಂದೇ ಬಿಟ್ಟ, ನನಗಿಂತ ದೊಡ್ಡ ಕುಳ ಯಾರಿಗೋ ಎತ್ತಿಟ್ಟಿದ್ದಾನೆ ಎಂದುಕೊಂಡ. ಆಮೇಲೆ ಗೈಡ್ ಚಹಾ ಕಾಯಿಸಿ ಕೊಟ್ಟರೂ, ಅವನು ಒಂದು ಗುಟುಕು ಕುಡಿದದ್ದನ್ನು ನೋಡಿಯೇ ತಾನು ಲೋಟ ಎತ್ತುತ್ತಿದ್ದ. ಪಾಪ, ಆ ಚಳಿಯಲ್ಲಿ ವ್ಯಾಪಾರಿ ಬಿಸಿ ಚಹಾ ಕುಡಿದದ್ದೇ ಇಲ್ಲ.

ಆರನೆಯ ದಿನ ಮೃಗವೊಂದು ಬಯಲಿಗೆ ಬಂದು ನಿಂತಿತು. ನಾಲ್ಕು ಕಾಲೂ ಕಂಡವು. ವ್ಯಾಪಾರಿ ಒಂದೇ ಗುಂಡಿಗೆ ಕೆಡವಿದ. ಗೈಡ್ ಮಾಂಸ ಕೊಯ್ದು ಹೊರೆ ಮಾಡಿದ. ಕೊಂಬನ್ನು ಬಿಡಿಸಿ, ಅದರ ಎರಡು ತುದಿಗೂ ಕೆಂಪು ಬಟ್ಟೆ ಕಟ್ಟಿದ.

“ಇಲ್ಲಿಯ ಕಟ್ಟಳೆ ಇದು ಯಜಮಾನರೇ. ಮಾಂಸ ಮೊದಲು, ಕೊಂಬು ಕೊನೆಗೆ. ಕೊಂಬಿನ ಆಸೆಗೆ ಮಾಂಸ ಕೊಳೆಯಬಾರದು. ನಾನು ಹೊಳೆಯಾಚೆಯ ನಮ್ಮ ಡೇರೆಗೆ ಹೊತ್ತು ಹಾಕಿ ಬರುತ್ತೇನೆ. ಚಳಿಗಾಲಕ್ಕೆ ನನ್ನ ಮನೆಗೂ ಒಂದು ಮೃಗ ಬೇಕು, ದಾರಿಯಲ್ಲಿ ಸಿಕ್ಕರೆ ಹೊಡೆಯುತ್ತೇನೆ. ನಾನು ಬರುವ ತನಕ ನೀವು ಇಲ್ಲಿಂದ ಕದಲಬೇಡಿ.”

ಗೈಡ್ ಒಂದು ಹೊರೆ ಇಳಿಸಿ ಬಂದ. ಎರಡನೆಯದನ್ನೂ ಇಳಿಸಿ ಬಂದ. ವ್ಯಾಪಾರಿ ಕೊಂಬನ್ನು ಹಿಡಿದುಕೊಂಡು ಕೂತೇ ಇದ್ದ. ಕೂತವನ ತಲೆ ಸುಮ್ಮನಿರುತ್ತದೆಯೇ? ಜನ ಇಷ್ಟು ದೂರ ಬರುವುದೇ ಕೊಂಬಿಗೆ, ಅದನ್ನು ಕೊನೆಗೆ ಹೊರುತ್ತಾನೆ ಎಂದರೆ ನಂಬಲು ನಾನೇನು ಹಾಲುಗಲ್ಲದ ಮಗುವೇ ಎಂದುಕೊಂಡ. ಹೊಳೆಯಾಚೆ ಇವನ ಕಡೆಯವರು ಯಾರೋ ಕಾದಿದ್ದಾರೆ. ದೂರದಿಂದ ಅವರಿಗೆ ಗುರುತು ಸಿಗಲೆಂದೇ ಈ ಕೆಂಪು ಬಟ್ಟೆ. ಹೀಗೆ ಯೋಚಿಸಿದಷ್ಟೂ ಎಲ್ಲ ಸರಿಯಾಗಿ ಹೊಂದಿಕೊಳ್ಳುತ್ತಾ ಹೋಯಿತು. ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಗೈಡ್ ಮೂರನೆಯ ಹೊರೆ ಹೊತ್ತು ಇಳಿದದ್ದೇ ತಡ, ವ್ಯಾಪಾರಿ ಕೊಂಬಿನ ಕೆಂಪು ಬಟ್ಟೆ ಬಿಚ್ಚಿ ಜೇಬಿಗೆ ತುರುಕಿದ. ಕೊಂಬನ್ನು ಬೆನ್ನಿಗೆ ಬಿಗಿದುಕೊಂಡು, ಯಾರ ಕಣ್ಣಿಗೂ ಬೀಳದೆ ಡೇರೆ ಸೇರಲು ಗೈಡ್ ಹೋದ ದಾರಿ ಬಿಟ್ಟು ಪೊದೆಗಳೊಳಗೆ ಇಳಿದ. ಮಂಜು ಕವಿದಿತ್ತು. ಭಾರಕ್ಕೆ ಬಾಗಿ, ಮುಳ್ಳು ತರಚಿಸಿಕೊಂಡು, ಏದುಸಿರು ಬಿಡುತ್ತಾ ಹೊಳೆಯ ದಡಕ್ಕೆ ಬಂದು ತಲೆಯೆತ್ತಿದ.

ಆಚೆ ದಡದಲ್ಲಿ ಗೈಡ್ ಮಂಡಿಯೂರಿ ಕೂತಿದ್ದ. ಅವನ ಬಂದೂಕು ನೇರವಾಗಿ ವ್ಯಾಪಾರಿಯ ಎದೆಗೆ ಗುರಿಯಿಟ್ಟಿತ್ತು.

ವ್ಯಾಪಾರಿಗೆ ಭಯಕ್ಕಿಂತ ಮೊದಲು ಬಂದದ್ದು ಸಮಾಧಾನ. ತಾನು ಎಣಿಸಿದ್ದೇ ನಿಜವಾಯಿತಲ್ಲ ಎಂಬ ಸಮಾಧಾನ. “ಈ ಕೊಂಬಿಗಾಗಿ ನೀನು ನನ್ನನ್ನು ಕೊಲ್ಲುತ್ತೀಯೆ ಅಂತ ನನಗೆ ಮೊದಲೇ ಗೊತ್ತಿತ್ತು,” ಎಂದು ಕೂಗಿದ.

ಗೈಡ್ ಬಂದೂಕು ಕೆಳಗಿಟ್ಟ. ಎದ್ದು ನೀರಿನ ಅಂಚಿಗೆ ಬಂದ.

“ಆಗಿನಿಂದ ಪೊದೆಯ ಮೇಲೆ ಕೊಂಬು ಆಡುವುದು ಕಾಣುತ್ತಿತ್ತು ಯಜಮಾನರೇ. ಮೃಗವೇ ಅಂದುಕೊಂಡೆ. ಬೆರಳು ಟ್ರಿಗರ್ ಮೇಲೇ ಇತ್ತು. ಕಾಲು ಕಾಣಲಿ ಅಂತ ಕಾದೆ, ಎರಡೇ ಕಾಲು ಕಂಡವು. ಕೊಂಬು ಹೊತ್ತವನು ಮನುಷ್ಯ ಅಂತ ದೂರಕ್ಕೇ ಗೊತ್ತಾಗಲಿ ಅಂತಲೇ ನಾವು ಕೆಂಪು ಬಟ್ಟೆ ಕಟ್ಟುವುದು. ಕಟ್ಟಿದ್ದೆನಲ್ಲ, ಎಲ್ಲಿ ಅದು?”

ವ್ಯಾಪಾರಿಯ ಕೈ ತಾನಾಗಿ ಜೇಬಿಗೆ ಹೋಯಿತು. ಬಟ್ಟೆ ಸಿಕ್ಕಿತು, ಅದನ್ನು ಹೊರಗೆ ತೆಗೆಯಲು ಮಾತ್ರ ಅವನಿಂದ ಆಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಸ್ವಲ್ಪ ಬಿಗಿದ ದನಿಯಲ್ಲೇ, “ಆ ವ್ಯಾಪಾರಿ ಇಲ್ಲದ್ದನ್ನು ಊಹಿಸಿಕೊಂಡ, ಗುರುಗಳೇ. ನಾನು ಊಹಿಸಿದ್ದಲ್ಲ, ಕಣ್ಣಾರೆ ಕಂಡವನು,” ಎಂದ.

ಗುರುಗಳು ಕೇಳಿದರು: “ಪಂಪಣ್ಣನಲ್ಲಿ ನೀನು ಕಂಡದ್ದು ಕೊಂಬೋ, ಕಾಲೋ?”