ತೊಗಲೂರಿನ ಕಾವಲು ಕೊಂಬು

ತೊಗಲೂರು ಅಂತ ಒಂದು ರಾಜ್ಯ. ಅದರ ಕೋಟೆಯನ್ನ ಕಣ್ಣಾರೆ ಕಂಡವನು ನಾನು! ಜೊತೆಗೆ ಬಂದಿದ್ದ ಏಳು ಜನರೂ ತೀರಿಕೊಂಡರು. ಈಗ ಕೇಳೋದಾದ್ರೆ ನನ್ನನ್ನೇ ಕೇಳಬೇಕು.

ಅದು ಮಣ್ಣಿನ ಕೋಟೆ. ಗೋಡೆಯೊಳಗೇ ಕಾವಲುಗಾರರ ವಾಸ. ಅವರ ಯಜಮಾನ ಕೆಂಡಪ್ಪ. ಅವನ ಕೊಂಬು ಕೂಗಿದರೆ ಕಾವಲುಗಾರರು ಕೊಳ್ಳಿ ಎಸೀಬೇಕು, ಮೆತ್ತುವವರು ಗೋಡೆಗೆ ಹೊಸ ಮಣ್ಣು ಮೆತ್ತಬೇಕು. ಹಳೇದು ಒಣಗಿದೆಯೋ ಇಲ್ಲವೋ ಅಂತ ಕೇಳಂಗಿಲ್ಲ.

ಒಂದು ದಿನ ಮೊಣಕೈ ಅನ್ನೋ ಬುರುಜಿನ ಬಿರುಕಲ್ಲಿ ಕಳ್ಳರು ನುಗ್ಗಿದರು. ಕೊಂಬು ಕೂಗಿತು. ಕಳ್ಳರು ಸುಟ್ಟು ಬೂದಿ. ಊರೇ ಭೇಷ್ ಅಂತು. ಆದರೆ ಕಾವಲುಗಾರರು ಕೊಳ್ಳಿ ಕೆಳಗಿಡಲಿಲ್ಲ. ಆ ಬಿರುಕಿನ ಹತ್ತಿರವೇ ಕಣ್ಣು ಬಿಟ್ಟುಕೊಂಡು ಕೂತರು.

ಮರುದಿನ ಒಂದು ಒಣ ಎಲೆ ಬಿತ್ತು. ಕಾವಲುಗಾರರು ಕಿರುಚಿದರು, "ಬಂದ್ರೋ ಬಂದ್ರು!" ಕೊಂಬು. ಬೆಂಕಿ. ಹಸಿ ಮಣ್ಣಿನ ಮೇಲೆ ಹಸಿ ಮಣ್ಣು.

ಮೂರನೇ ದಿನ ಒಂದು ಹಲ್ಲಿ ಗೋಡೆ ಕೆರೆಯಿತು. "ಬಂದ್ರೋ ಬಂದ್ರು!" ಗೋಡೆ ಕೆಂಪಗೆ ಕಾದು, ದಪ್ಪಗಾಗಿ, ಬೆಳ್ಳನೆ ಹೊಟ್ಟಾಗಿ ಉದುರತೊಡಗಿತು.

ಆ ಗೋಡೆಗೆ ಆತುಕೊಂಡೇ ಮಣ್ಣು ಮೆತ್ತುವ ಸಣ್ಣೀರಮ್ಮನ ಗುಡಿಸಲು. ಒಳಗೆ ತೊಟ್ಟಿಲು, ತೊಟ್ಟಿಲಲ್ಲಿ ಕೂಸು. ಕಿಡಿ ಹಾರಿ ತೊಟ್ಟಿಲ ಹಗ್ಗ ಹತ್ತಿಕೊಂಡಿತು. ಅವಳು ಬರಿಗೈಲಿ ನಂದಿಸಿ, ಕೆಂಡಪ್ಪನ ಹತ್ತಿರ ಓಡಿದಳು.

"ಕೆಂಡಣ್ಣ, ಕಳ್ಳರು ಸತ್ತೇ ಹೋದ್ರು. ನಿಲ್ಲಿಸಪ್ಪ!"

"ಕಳ್ಳರಿಲ್ಲ ಅನ್ನೋಳೇ ಕಳ್ಳರ ಕಡೆಯೋಳು. ಇನ್ನೊಂದು ಮಾತಾಡಿದ್ರೆ ಮೊದಲ ಕೊಳ್ಳಿ ನಿನ್ನ ಗುಡಿಸಲಿಗೇ."

ಆದರೂ ಅವಳು ನಕ್ಕಳು. "ಹಾಗಾದ್ರೆ ಆ ಕೊಂಬು ಕೊಡಣ್ಣ, ಸೀಳು ಬಿಟ್ಟಿದೆ. ಮೆತ್ತಿ ಕೊಡ್ತೀನಿ, ಮೂರು ಊರಿಗೆ ಕೇಳೋ ಹಂಗೆ ಕೂಗುತ್ತೆ."

ಹಿಗ್ಗಿಹೋದ ಕೆಂಡಪ್ಪ, ಕೊಟ್ಟ. ಅವಳು ಹೊರಗೆ ನುಣ್ಣಗೆ ಸವರಿ, ಒಳಗೆ ಜೇಡಿಮಣ್ಣು ಗಿಡಿದು ತಂದಿಟ್ಟಳು.

ನಾಲ್ಕನೇ ದಿನ ಇಲಿ ಓಡಿತು. ಕೆಂಡಪ್ಪ ಊದಿದ. ಸದ್ದಿಲ್ಲ. ಮತ್ತೆ ಊದಿದ. ಕೆನ್ನೆ ಬಾತವು. ಮೂರನೇ ಸಲ ಊದಿದ. ಕಣ್ಣು ಮೇಲೆ ಸಿಕ್ಕಿಕೊಂಡವು. ಕೊಂಬು ಕೂಗದೆ ಕೊಳ್ಳಿ ಎಸೆಯೋ ಪದ್ಧತಿಯೇ ಇಲ್ಲ! ಕಾವಲುಗಾರರು ಕೂತೇ ಇದ್ದರು. ಗೋಡೆ ತಣಿಯಿತು, ಒಣಗಿತು, ನುಣುಪಾಯಿತು. ಕೂಸು ಮಲಗಿತು.

ಆದರೆ ಕಾವಲುಗಾರರು ಆ ಜಾಗ ಬಿಟ್ಟು ಹೋಗಿಲ್ಲ, ಮರೆತೂ ಇಲ್ಲ. ಕೊಂಬಿನೊಳಗಿನ ಮಣ್ಣು ಉದುರಿದ ದಿನ ಅದು ಮತ್ತೆ ಕೂಗುತ್ತೆ. ಅದಕ್ಕೇ ಸಣ್ಣೀರಮ್ಮ ಇವತ್ತಿಗೂ ಕೈಯಲ್ಲಿ ಮಣ್ಣು ಹಿಡಿದೇ ಓಡಾಡೋದು.

ನೀತಿ ಇಷ್ಟೇ: ನಿಲ್ಲಿಸೋದು ಗೊತ್ತಿಲ್ಲದ ಕಾವಲುಗಾರ ಕಳ್ಳನಿಗಿಂತ ಕೆಟ್ಟವನು. ನಮ್ಮ ಚರ್ಮದೊಳಗೂ ಇಂಥವರೇ ಇರೋದು. ಮೈ ಕೆಂಪಾಗಿ ಹೊಟ್ಟೇಳೋದು ಪಾಪದಿಂದಲ್ಲ, ಕೊಳೆಯಿಂದಲ್ಲ, ಅವರ ಹಳೇ ಭಯದಿಂದ. ಚರ್ಮದ ಡಾಕ್ಟರಮ್ಮನಿಗೂ ಇದನ್ನ ಹೇಳಿಕೊಟ್ಟವನು ನಾನೇ.

"ಅಜ್ಜ," ಅಂದಳು ಮೊಮ್ಮಗಳು ನಾಗರತ್ನ, "ಡಾಕ್ಟರಮ್ಮ ಅದನ್ನ ನಿನಗೆ ಹೇಳ್ತಿದ್ದಾಗ ಚೀಟಿ ಹಿಡ್ಕೊಂಡು ಪಕ್ಕದಲ್ಲಿ ನಿಂತಿದ್ದೋಳು ನಾನಲ್ವಾ?"

ನಾನು ಭುಜ ಕುಣಿಸಿದೆ. "ಕಥೆ ನಿಜ ಕಣವ್ವ. ನಾನಷ್ಟೇ ಸುಳ್ಳು."