ಹಳ್ಳದ ಈಚೆಗೆ ಮದ್ದು, ಆಚೆಗೆ ಮಂದೆ

"ಸರ್, ಲೆಕ್ಕಾಚಾರವೆಲ್ಲ ದೂರದ ಸರ್ವರಿನಲ್ಲಿ ನಡೆದು ಉತ್ತರ ಮಾತ್ರ ಮೊಬೈಲಿಗೆ ಬರಬೇಕೋ, ಇಲ್ಲ, ಲೆಕ್ಕ ಮಾಡುವ ಪ್ರೋಗ್ರಾಮೇ ಮೊಬೈಲಿಗೆ ಇಳಿದು ಅಲ್ಲೇ ಕೆಲಸ ಮಾಡಬೇಕೋ? ಯಾವ ಮಾದರಿ ಮೇಲು?" ಎಂದು ಶಾಂತವೀರ ಕೇಳಿದ.

ಮೊಬೈಲ್ ಸಿಗ್ನಲ್ ಸಿಕ್ಕರೆ ಸಿಕ್ಕಿತು ಎನ್ನುವಂಥ ಕಾಡಿನ ಗಿರಿಜನ ಹಾಡಿಗಳಿಗೆ ನಡೆದು ಹೋಗುವ ನರ್ಸುಗಳಿಗೆ, ಯಾವ ಕೂಸಿಗೆ ಎಷ್ಟು ಔಷಧ ಕೊಡಬೇಕೆಂದು ಹೇಳುವ ಪ್ರೋಗ್ರಾಂ ಬರೆಯುವ ಕೆಲಸ ಅವನ ಪಾಲಿಗೆ ಬಂದಿತ್ತು. ತಪ್ಪಿದರೆ ಕೂಸಿನ ಜೀವಕ್ಕೇ ಸಂಚಕಾರ. ಆ ಭಯದಲ್ಲಿ ಅವನಿಗೆ ಊಟವೂ ಸೇರುತ್ತಿರಲಿಲ್ಲ.

"ಮೇಲು ಕೀಳು ಆಮೇಲೆ ನೋಡೋಣ, ಮೊದಲು ಕೂತುಕೋ," ಎಂದು, ಅವನಿಗೆ ಕಾಲೇಜಿನಲ್ಲಿ ಪಾಠ ಹೇಳಿದ್ದ ಪಂಪಾಪತಿ ಮೇಷ್ಟ್ರು ಕತೆ ಶುರು ಮಾಡಿದರು.

ಒಬ್ಬ ಕುರಿಗಾಹಿಯಿದ್ದ. ಮೇವು ಇದ್ದಲ್ಲಿಗೆ ಮಂದೆ, ಮಂದೆ ಹೋದಲ್ಲಿಗೆ ಅವನು. ಒಂದು ಮಳೆಗಾಲದಲ್ಲಿ ಹಸಿ ಹುಲ್ಲು ಮೇಯ್ದು ಕುರಿಗಳ ಹೊಟ್ಟೆ ಉಬ್ಬರಿಸಿತು. ತಮ್ಮನನ್ನು ಪಟ್ಟಣದ ವೈದ್ಯನ ಬಳಿಗೆ ಓಡಿಸಿದ. ವೈದ್ಯನೇನು ಸಾಮಾನ್ಯನೇ! ಕೂತಲ್ಲೇ ರೋಗ ಪತ್ತೆಹಚ್ಚಿ ಮದ್ದು ಕೊಟ್ಟ. ತಮ್ಮ ಓಡೋಡಿ ಬಂದ. ಬಂದರೇನು ಬಂತು, ನಡುವೆ ಹಳ್ಳ ತುಂಬಿ ಹರಿಯುತ್ತಿತ್ತು. ಈಚೆ ದಡದಲ್ಲಿ ಮದ್ದು, ಆಚೆ ದಡದಲ್ಲಿ ಮಂದೆ. ನೀರು ಇಳಿಯುವಷ್ಟರಲ್ಲಿ ಅರ್ಧ ಮಂದೆ ಸತ್ತಿತ್ತು. ಕುರಿಗಾಹಿ ಎದೆ ಬಡಿದುಕೊಂಡು ಅತ್ತ.

ಮುಂದಿನ ಮಳೆಗಾಲಕ್ಕೆ ಮೊದಲೇ ಹೋಗಿ ವೈದ್ಯನ ಕಾಲು ಹಿಡಿದ. "ಸ್ವಾಮಿ, ನೀವೇ ನಮ್ಮ ಸಂಗಡ ಬಂದುಬಿಡಿ."

"ನಾನು ನಿನ್ನ ಕುರಿಗಳ ಹಿಂದೆ ಬಂದರೆ ಈ ಊರಿನ ದನಕರು ಯಾರು ನೋಡಬೇಕಯ್ಯಾ? ನಿನ್ನ ಹೆಂಡತಿಯನ್ನು ಕಳಿಸು. ಮದ್ದು ಅರೆಯುವುದನ್ನು ಹೇಳಿಕೊಡುತ್ತೇನೆ."

ಅವಳು ಕಲಿತಳು. ಆ ವರ್ಷ ಹಳ್ಳ ತುಂಬಿದರೂ ಒಂದು ಕುರಿಯೂ ಸಾಯಲಿಲ್ಲ. ಗಂಡ ಹೆಂಡತಿ ಇಬ್ಬರೂ ಹಿಗ್ಗಿಹೋದರು. ಮರುವರ್ಷ ಬೇಸಿಗೆಯಲ್ಲಿ ಹೊಸ ಕಾಯಿಲೆ ಬಂತು. ಅದಕ್ಕೆ ಹೊಸ ಮದ್ದು ವೈದ್ಯನ ಹತ್ತಿರ ಇತ್ತು. ಇವಳು ಮಾತ್ರ ತನಗೆ ಗೊತ್ತಿದ್ದ ಹಳೆಯದನ್ನೇ ಕುಡಿಸುತ್ತ ಹೋದಳು. ಹಳ್ಳ ಒಣಗಿತ್ತು, ದಾರಿ ಸಲೀಸಾಗಿತ್ತು. ಆದರೂ ಕೇಳಿಬರಲು ಯಾರೂ ಹೋಗಲಿಲ್ಲ. ಉಳಿದ ಕುರಿಗಳೂ ಹೋದವು.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ಎರಡೂ ಬೇಕೆನ್ನಿ ಸರ್. ಯಾವುದನ್ನು ಎಲ್ಲಿ, ಎಷ್ಟು ಇಡಬೇಕೆಂದು ನಾನು ಹೇಗೆ ತಿಳಿಯಲಿ?"

"ಆ ನರ್ಸುಗಳ ಹಿಂದೆ ಒಂದು ದಿನವಾದರೂ ಹಾಡಿಯ ತನಕ ನಡೆದಿದ್ದೀಯೇನಪ್ಪ?"

ನರ್ಸುಗಳು ನಾಳೆ ಎಷ್ಟು ಹೊತ್ತಿಗೆ ಹೊರಡುತ್ತಾರೆಂದು ಕೇಳಲು ಶಾಂತವೀರ ಮೊಬೈಲ್ ತೆಗೆದ.