ಎತ್ತರಕ್ಕೇರಿದ ಕೆಂಚನಪುರ

ನಾಡಿನ ಚರಿತ್ರೆ, ಭೂಗೋಳ, ಆರ್ಥಿಕತೆಗಳನ್ನು ಜನರು ಒಂದೇ ನೋಟದಲ್ಲಿ ಅರಿಯಲೆಂದು ಸರ್ಕಾರವು ಉದ್ಯಾನವೊಂದರಲ್ಲಿ ಸಿಮೆಂಟಿನ ಕರ್ನಾಟಕವನ್ನು ಕಟ್ಟಿಸಿತು. ಬೇಲೂರಿನ ಗುಡಿ, ಸಹ್ಯಾದ್ರಿಯ ಸಾಲು, ಕಬ್ಬಿನ ಗದ್ದೆ ಎಲ್ಲವೂ ಅಲ್ಲಿದ್ದವು. ನಲ್ಲಿ ತಿರುಗಿಸಿದರೆ ಕಾವೇರಿ ತಲಕಾವೇರಿಯಿಂದ ಹೊರಟು ಕಾಲುವೆಗಳಿಗೆ ಇಳಿಯುತ್ತಿದ್ದಳು. ಇದಕ್ಕಾಗಿ ಒಬ್ಬ ಗಾರೆ ಕೆಲಸದವನು ವರ್ಷವಿಡೀ ದುಡಿದಿದ್ದ.

ಉದ್ಘಾಟನೆಯ ಮುನ್ನಾದಿನ ಮಂತ್ರಿ ಬೋರಲಿಂಗಯ್ಯನವರು ಬಂದರು.

"ಏನಯ್ಯಾ, ನಮ್ಮ ಕೆಂಚನಪುರ ಇಷ್ಟು ತಗ್ಗಿನಲ್ಲಿದೆ? ಸುತ್ತಲಿನ ಊರುಗಳಿಗಿಂತ ನಮ್ಮೂರೇ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ಇದನ್ನೆಲ್ಲ ಒಡೆಸಿ ಬೇರೆಯವನಿಂದ ಕಟ್ಟಿಸುತ್ತೇನೆ!"

"ಆಗಲಿ ಸ್ವಾಮಿ" ಎಂದ ಗಾರೆಯವನು, ಸಿಮೆಂಟು ಕಲಸದೆ ಬರೀ ಜೇಡಿಮಣ್ಣು ಮೆತ್ತಿ ಕೆಂಚನಪುರವನ್ನು ಗೇಣೆತ್ತರ ಏರಿಸಿದ.

ಮರುದಿನ ಬೇಗನೆ ಬಂದ ಮಂತ್ರಿಗಳು ನೋಡಿ ಹಿಗ್ಗಿದರು. "ಊರೆಂದರೆ ಹೀಗಿರಬೇಕು! ಎಲ್ಲಿ, ನೀರು ಬಿಡು."

ಕಾವೇರಿ ಹರಿದು ಬಂದಳು. ಕೆಂಚನಪುರದ ಬುಡ ಮುಟ್ಟಿದಳು. ಪಕ್ಕಕ್ಕೆ ತಿರುಗಿ ಮಾದನಕೊಪ್ಪಲಿನ ಗದ್ದೆಗಳನ್ನೆಲ್ಲ ತುಂಬಿದಳು. ಮಾದನಕೊಪ್ಪಲು ವಿರೋಧ ಪಕ್ಷದ ಶಾಸಕರ ಊರು.

"ನಮ್ಮೂರಿಗೆ ನೀರೆಲ್ಲಯ್ಯಾ?"

"ತಾವು ಕೂರಿಸಿದ ಎತ್ತರಕ್ಕೆ ಅವಳು ಹತ್ತಲಾರಳು, ಸ್ವಾಮಿ."

ಅಷ್ಟರಲ್ಲಿ ಕೆಂಚನಪುರದ ರೈತರ ಬಸ್ಸು ಬಾಗಿಲ ಬಳಿ ಬಂದು ನಿಂತಿತು. ಮಂತ್ರಿಗಳು ಗಾರೆಯವನ ಕೈ ಹಿಡಿದರು.

"ನಮ್ಮ ಮತದಾರರು ಕಣಯ್ಯಾ! ಒಳಗೆ ಬರುವ ಮೊದಲೇ ಊರನ್ನು ಇಳಿಸು!"

"ಮೊದಲಿದ್ದಷ್ಟಕ್ಕೇ ಇಳಿಸಲೇ, ಸ್ವಾಮಿ?"

"ಇನ್ನೂ ಕೆಳಕ್ಕೆ! ಆ ಮಾದನಕೊಪ್ಪಲಿನವರಿಗಿಂತ ನಾವೇ ತಗ್ಗಿನಲ್ಲಿರಬೇಕು!"